ಅತ್ತಿಯವರ ಅಪ್ಪಣೆ

ಮಮದಾಪುರದ ಸಾವಂತ್ರವ್ವ ತನ್ನ ಐದು ವರ್ಷದ ಮೊಮ್ಮಗಳನ್ನು "ಅತ್ತಿಯವರ" ಎಂದೇ ಕರೆಯುತ್ತಿದ್ದಳು. ಕೂಸಿಗೆ ಇಟ್ಟದ್ದು ತೀರಿಹೋದ ಅತ್ತೆಯ ಹೆಸರು, ರಾಚವ್ವ; ಉಳಿದವರ ಬಾಯಲ್ಲಿ ರಾಚಿ. ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಕರೆಯುವುದುಂಟೆ? ಗದರುವುದಂತೂ ದೂರದ ಮಾತು. ಕೂಸು ತಂಬಿಗೆ ಉರುಳಿಸಿ ನೀರು ಚೆಲ್ಲಿದರೆ, "ಹೋಗ್ಲಿ ಬಿಡ್ರಿ ಅತ್ತಿಯವರ, ನೆಲಾ ಕಾದಿತ್ತು," ಎಂದು ಸೆರಗಿನಿಂದಲೇ ಒರೆಸುತ್ತಿದ್ದಳು. ಓಣಿಯವರು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ.

ಗಂಡ ಹೋದ ಮೇಲೆ ಕೆರೆಯಂಚಿನಲ್ಲಿ ಆಡು ಮೇಯಿಸಿಕೊಂಡೇ ಮಗನನ್ನು ಬೆಳೆಸಿದವಳು ಸಾವಂತ್ರವ್ವ. ಬಿಸಿಲಿಗೆ ಹೆದರಲಿಲ್ಲ, ತೋಳಕ್ಕೆ ಹೆದರಲಿಲ್ಲ. ಹೆದರಿದ್ದು ಒಂದಕ್ಕೇ: ತನ್ನ ಮನೆಯಲ್ಲಿ ಯಾರಾದರೂ ಬಾಯಿ ಬಿಟ್ಟು ಅನ್ನ ಕೇಳಬೇಕಾದೀತು ಎಂಬುದಕ್ಕೆ. ಕೇಳುವ ಮೊದಲೇ ಕೊಡಬೇಕು. ಕೇಳಿಸಿಕೊಂಡು ಕೊಟ್ಟರೆ ಅದು ಬೇಡಿಸಿದ ಹಾಗೆ.

ಆ ಮಗನೇ ಅಮೋಘಿ, ರಾಚಿಯ ಅಪ್ಪ. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ, ದಪ್ಪ ಕಾಳು ಸಣ್ಣ ಕಾಳು ಬೇರ್ಪಡಿಸುವ ಯಂತ್ರದ ಮುಂದೆ ಅವನ ದುಡಿಮೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವನಿಗೆ ಮಾತೂ ಸಾಕಷ್ಟಿತ್ತು, ಜಗಳವೂ ಸಾಕಷ್ಟಿತ್ತು. ಯಂತ್ರದ ಸದ್ದನ್ನು ಮೀರಿಸಿ ಮಾತಾಡಿದ ಗಂಟಲು ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಜೊತೆಗಾರ ಹುಸೇನಸಾಬ ಒಮ್ಮೆ ಕೇಳಿದ್ದ: "ಮಾರಾಯಾ, ನೀ ಉಸುರು ಯಾವಾಗ ತಗೋತಿ?" ತಾನು ಮಗಳ ಪಾಲಿನ ಮಾತನ್ನೂ ಆಡಿ ಮುಗಿಸಿಬಿಟ್ಟಿದ್ದೇನೆ, ಅದಕ್ಕೇ ಆಕೆಗೆ ಉಳಿದಿಲ್ಲ ಎಂದು ಅಮೋಘಿಯೇ ಶೆಡ್ಡಿನಲ್ಲಿ ಹೇಳಿ ನಗಿಸುತ್ತಿದ್ದ. ಎಲ್ಲರೂ ನಗುವಾಗ ಅವನು ಯಂತ್ರದ ಕಡೆ ತಿರುಗಿಬಿಡುತ್ತಿದ್ದ.

ರಾಚಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಹುಟ್ಟಿದಾಗಲೇ ಡಾಕ್ಟರು ಹೇಳಿದ್ದರು. ನಡೆಯುವುದು ತಡವಾಯಿತು, ಆದರೆ ನಡೆದಳು. ತಿಳಿವಳಿಕೆಗೇನೂ ಕೊರತೆಯಿರಲಿಲ್ಲ. ಯಾವ ಮರಿ ಯಾವ ಆಡಿನದೆಂದು ಗುರುತಿಸಿ ತಾಯಿಯ ಬಳಿಗೆ ತಳ್ಳುತ್ತಿದ್ದಳು, ಚಪ್ಪಲಿ ತಾ ಎಂದರೆ ಜೋಡಿ ತಪ್ಪದೆ ತರುತ್ತಿದ್ದಳು. ಬಾಯಿಂದ ಮಾತ್ರ ಊಂಕಾರ ಬಿಟ್ಟರೆ ಏನೂ ಇಲ್ಲ. ಮನೆಯವರಿಗೆ ಅದೊಂದು ತೊಂದರೆ ಅನ್ನಿಸಿರಲಿಲ್ಲ. ಆಕೆ ಕಣ್ಣು ಹಾಯಿಸುವಷ್ಟರಲ್ಲಿ ಹಾಲು ಬರುತ್ತಿತ್ತು, ಮುಖ ಸಿಂಡರಿಸುವಷ್ಟರಲ್ಲಿ ಬೆಲ್ಲ ಬರುತ್ತಿತ್ತು.

ಆದರೆ ಹೋದ ಮಳೆಗಾಲದಲ್ಲಿ ಒಂದು ದಿನ ರಾಚಿ ಬೆಳಗಿನಿಂದ ಅತ್ತಳು. ಹಾಲು ಕೊಟ್ಟರು, ಅಳು. ರೊಟ್ಟಿ ಚೂರು ಕೊಟ್ಟರು, ಅಳು. ದೃಷ್ಟಿ ತೆಗೆದರು, ಹೊಟ್ಟೆಗೆ ಎಣ್ಣೆ ಹಚ್ಚಿದರು. ಸಂಜೆ ಬಬಲೇಶ್ವರದ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಾಗ ಕಿವಿ ಕೀವು ತುಂಬಿ ಕೆಂಪಾಗಿತ್ತು. ಕೇಳುವ ಮೊದಲೇ ಎಲ್ಲವನ್ನೂ ಕೊಡುತ್ತಿದ್ದ ಮನೆ ಅದೊಂದನ್ನು ಊಹಿಸಿರಲಿಲ್ಲ. ಬರುವ ಜೂನಿಗೆ ಆಕೆ ಶಾಲೆಗೆ ಹೋಗಬೇಕು. ಅಲ್ಲಿ ಎಲ್ಲಿ ನೋವು ಎಂದು ಯಾರಿಗೆ ಹೇಳಿಯಾಳು, ಹೇಗೆ ಹೇಳಿಯಾಳು? ಔಷಧದ ಸೀಸೆ ಹಿಡಿದು ಮನೆಗೆ ಬರುವ ದಾರಿಯುದ್ದಕ್ಕೂ ಅಮೋಘಿ ಇದನ್ನೇ ಯೋಚಿಸಿದ. ಬಾಯಿ ಮಾತ್ರ ಫೋನಿನಲ್ಲಿ ಹುಸೇನಸಾಬನಿಗೆ ಡಾಕ್ಟರ ಬೈಕಿನ ಸುದ್ದಿ ಹೇಳುತ್ತಿತ್ತು.

ಹೀಗೆ ಶುರುವಾಯಿತು ಸೋಮವಾರದ ವಿಜಯಪುರ ಬಸ್ಸು. ಶೆಡ್ಡಿಗೆ ಅಂದು ರಜೆ. ಮೃಣಾಲ ಎಂಬ ಅಕ್ಕೋರು ವಿಜಯಪುರದಲ್ಲಿ ಮಾತು ತಡವಾದ ಮಕ್ಕಳಿಗೆ ಕಲಿಸುತ್ತಿದ್ದರು. ಅಮೋಘಿಯ ಹೆಂಡತಿ ಸುಧಾರಾಣಿ ಅದಕ್ಕೆ 'ಮಾತಿನ ಸಾಲಿ' ಎಂದು ಹೆಸರಿಟ್ಟಳು. ಮೃಣಾಲ ಮೊದಲ ದಿನ ರಾಚಿಗೆ ಏನನ್ನೂ ಕಲಿಸಲಿಲ್ಲ. ಅಪ್ಪ ಮಗಳನ್ನು ಬಿಸ್ಕೀಟಿನ ಪುಡಿಕೆಯೊಂದಿಗೆ ಕೂಡಿಸಿ, ಮೊಬೈಲಿನಲ್ಲಿ ವಿಡಿಯೋ ತೆಗೆದು, ಅಮೋಘಿಗೇ ತೋರಿಸಿದರು. ಅದರಲ್ಲಿ ಅವನು, "ಬಿಸ್ಕೀಟ ಬೇಕಾ? ಬೇಕಲ್ಲಾ? ಹಾಂ, ಬೇಕು. ತಗೋ. ಚೊಲೋ ಐತಾ? ಚೊಲೋ ಐತಿ," ಎಂದು ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಮುಗಿಸಿದ್ದ. ನಡುವೆ ರಾಚಿಯ ತುಟಿ ಒಮ್ಮೆ ತೆರೆದಿತ್ತು. ಅಷ್ಟರಲ್ಲಿ ಅಪ್ಪನ ಮಾತಿನ ಗಾಡಿ ಮುಂದಿನ ಸ್ಟಾಪು ದಾಟಿತ್ತು. ಅಮೋಘಿ ಆ ತುಟಿಯನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ.

ಮೃಣಾಲ ಹೇಳಿದ್ದು ಇಷ್ಟೇ. ರಾಚಿಗೆ ಒಳಗೆ ಮಾತಿದೆ, ಹೊರಗೆ ಬರುವ ಪ್ರಸಂಗವೇ ಬರುತ್ತಿಲ್ಲ. ಎರಡು ವಸ್ತು ಮುಂದೆ ಹಿಡಿಯಬೇಕು, ಯಾವುದೆಂದು ಒಮ್ಮೆ ಕೇಳಬೇಕು, ಆಮೇಲೆ ಸುಮ್ಮನೆ ಕಾಯಬೇಕು. ಕೈ ಮಾಡಿದರೂ ಮಾತೇ, ದನಿ ತೆಗೆದರೂ ಮಾತೇ. ಬಂದದ್ದಕ್ಕೆ ಬೆಲೆ ಕೊಟ್ಟು, ಆ ವಸ್ತುವಿನ ಹೆಸರು ಹೇಳಿ, ಕೊಡಬೇಕು.

ಅಂದು ಸಂಜೆ ಅಮೋಘಿ ಹಾಲಿನ ಬಟ್ಟಲು ಹಿಡಿದು, ಬಾಯಿ ಬಿಗಿದು ಕೂತ. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಮಾತಾಡದಿರುವುದು ಇಷ್ಟು ಮೈಮುರಿವ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ರಾಚಿ ಅವನನ್ನು ಕನಿಕರದಿಂದ ನೋಡಿ, ಎದ್ದು ಅಜ್ಜಿಯ ಬಳಿಗೆ ಹೋದಳು. ಸಾವಂತ್ರವ್ವ ಬೇರೆ ಬಟ್ಟಲಿನಲ್ಲಿ ಹಾಲು ಕೊಟ್ಟು, ಮಗನ ಕಡೆ ತಿರುಗಿದಳು.

"ಏನಾಗೇತಲೇ ನಿನಗ? ಕೂಸಿನ ಮುಂದ ಬಟ್ಟಲ ಹಿಡಿದು ಆಟಾ ಆಡಿಸ್ತಿ?"

"ಯವ್ವಾ, ಅಕ್ಕೋರು ಹೇಳ್ಯಾರ. ಕೇಳಿದ ಮ್ಯಾಲೆ ಕೊಡಬೇಕಂತ."

"ನಿಮ್ಮಜ್ಜಿ ಹೆಸರು ಹೊತ್ತಾಕಿ ಈ ಮನ್ಯಾಗ ಬೇಡಿ ಉಣ್ಣಬೇಕೇನು? ನಾ ಸತ್ತ ಮ್ಯಾಲೆ ಬೇಡಸ್ರಿ."

ಅಲ್ಲಿಗೆ ಮಾತಿನ ಸಾಲಿ ಮನೆಯ ಹೊಸ್ತಿಲಲ್ಲೇ ನಿಂತಿತು. ಹಗಲೆಲ್ಲ ಕೂಸು ಇರುವುದು ಅಜ್ಜಿಯ ಜೊತೆಗೆ; ಅಜ್ಜಿ ಒಪ್ಪದೆ ನಡೆಯುವುದು ಯಾವುದೂ ಇಲ್ಲ. ಮುಂದಿನ ಸೋಮವಾರ ಸಾವಂತ್ರವ್ವ ಇಳಕಲ್ ಸೀರೆ ಉಟ್ಟು ತಾನೇ ಬಸ್ಸು ಹತ್ತಿದಳು, ಆ ಅಕ್ಕೋರಿಗೆ ಎರಡು ಮಾತು ಹೇಳಿ ಬರಲು. ಅಮೋಘಿ ಕಿಟಕಿಯ ಕಡೆ ಮುಖ ಮಾಡಿ ಕೂತ.

ಮೃಣಾಲ ಎಲ್ಲವನ್ನೂ ಕೇಳಿಸಿಕೊಂಡರು. ಕೂಸಿನಿಂದ ಬೇಡಿಸುವುದು ಪಾಪವೆಂಬುದನ್ನು ಅಲ್ಲಗಳೆಯಲಿಲ್ಲ. ಕೇಳಿದ್ದು ಬೇರೆಯೇ.

"ನಿಮ್ಮ ಅತ್ತಿಯವರು ಇದ್ದಾಗ ಹ್ಯಾಂಗ ನೀಡ್ತಿದ್ರಿ ಅಮ್ಮಾ? ಅವರೂ ಕೇಳ್ತಿರಲಿಲ್ಲೇನು?"

"ಅವರ್ಯಾಕ ಕೇಳ್ತಾರ್ರೀ ಅಕ್ಕೋರ? ಅವರು ಅಪ್ಪಣಿ ಕೊಡ್ತಿದ್ರು. ನಾ ಸೆರಗು ಹೊತ್ತು ಬಾಗಲದಾಗ ನಿಂತಿರ್ತಿದ್ದೆ. ಏನ್ ನೀಡ್ಲಿರಿ ಅಂತ ಒಮ್ಮೆ ಅನ್ನೂದು, ಸುಮ್ಮನ ನಿಂದ್ರೂದು. ಅವರ ಬಾಯಿಂದ ಬರೂತನಾ ಒಂದ ತುತ್ತರ ನೀಡೂ ಹಾಂಗಿರಲಿಲ್ಲ."

ಹೇಳುತ್ತ ಹೇಳುತ್ತ ಸಾವಂತ್ರವ್ವನ ದನಿ ನಿಧಾನವಾಯಿತು. ಕೋಣೆಯ ಮೂಲೆಯಲ್ಲಿ ರಾಚಿ ಮರದ ಗಾಲಿ ಉರುಳಿಸುತ್ತಿದ್ದಳು. ಆಕೆಯ ಕಡೆ ತಿರುಗಿ, "ಹಂಗಾರ ಇಷ್ಟ ದಿನಾ ನಾ ಅತ್ತಿಯವರ ಅಪ್ಪಣಿ ಇಲ್ಲದ ನೀಡಾಕತ್ತೀನಿ," ಎಂದಳು. ತಪ್ಪು ಮಾಡಿದವಳ ದನಿ ಅದು. ಮೃಣಾಲ ನಗಲಿಲ್ಲ. ಅಮೋಘಿಗೆ ಮಾತ್ರ ನಗುವೂ ಅಳುವೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

ಮರುದಿನದಿಂದ ಸಾವಂತ್ರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದು ಕೈಯಲ್ಲಿ ಹಾಲಿನ ಬಟ್ಟಲು, ಇನ್ನೊಂದರಲ್ಲಿ ರೊಟ್ಟಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. "ಏನ್ ನೀಡ್ಲಿರಿ ಅತ್ತಿಯವರ?" ಆಮೇಲೆ ಮೌನ. ಆ ಮೌನವನ್ನು ನೋಡಿ ಅಮೋಘಿ ಬೆರಗಾದ. ಅದರಲ್ಲಿ ಅವಸರವಿಲ್ಲ, ಪರೀಕ್ಷೆಯಿಲ್ಲ, ಹೇಳದಿದ್ದರೆ ಕೊಡುವುದಿಲ್ಲ ಎಂಬ ಬೆದರಿಕೆಯಿಲ್ಲ. ಹಿರಿಯರ ಬಾಯಿಂದ ಮಾತು ಬಂದೇ ಬರುತ್ತದೆ ಎಂದು ನಂಬಿ ನಿಂತ ನಿಲುವು. ಅವನು ತನ್ನ ಮಗಳನ್ನು ಹಾಗೆ ನಂಬಿರಲಿಲ್ಲ. ನಡುವೆ ಒಮ್ಮೆ "ಹಾಲಂತ ಅನ್ನು ರಾಚೀ" ಎಂದು ನುಗ್ಗಿದ್ದಕ್ಕೆ, "ದೊಡ್ಡವರು ಮಾತಾಡೂ ಮುಂದ ನಡುವ ಬಾಯಿ ಹಾಕಬ್ಯಾಡಲೇ," ಎಂದು ಅವ್ವ ಗದರಿದಳು.

ರಾಚಿಗೆ ಮೊದಲು ಅಳು ಬಂತು, ಆಮೇಲೆ ಕೋಪ. ಕೆಲವು ದಿನಕ್ಕೆ ರಾಚಿಯ ಕೈ ಹಾಲಿನ ಕಡೆ ಚಾಚಿತು. "ಹಾಲೇನ್ರಿ? ಆಗ್ಲಿರಿ," ಎಂದು ಸಾವಂತ್ರವ್ವ ಬಾಗಿ ಕೊಟ್ಟಳು. ಕೈಯ ಹಿಂದೆ ದನಿ ಬಂತು. ದನಿಗೆ ಮೂಳೆ ಬಲಿಯಲು ದೀಪಾವಳಿ ಕಳೆಯಬೇಕಾಯಿತು. "ಆಲ" ಎಂಬ ಮೊದಲ ಮಾತು ಬಂದಾಗ ಅಪ್ಪ ತಿಕೋಟಾದಲ್ಲಿ ಯಂತ್ರದ ಮುಂದೆ ಅರಚುತ್ತಿದ್ದ. ಸುಧಾರಾಣಿಯ ಫೋನು ಬಂದ ಮೇಲೆ ಇಡೀ ಶೆಡ್ಡಿಗೆ ಸುದ್ದಿ ಸಾರಿ, ಬೈಕು ಹಾರಿಸಿಕೊಂಡು ಬಂದು, ಮಗಳ ಮುಂದೆ ಮಂಡಿಯೂರಿ ಕೂತ. ರಾಚಿ ಅವನ ಮೂಗು ಹಿಂಡಿ, ಏನೂ ಹೇಳದೆ ಆಡಿನ ಮರಿಯ ಹಿಂದೆ ಹೋದಳು. ಮುಂದೆ "ಒಟ್ಟಿ" ಬಂತು, ಆಡಿಗೆ "ಬ್ಯಾ" ಬಂತು, ಅಜ್ಜಿಗೆ "ಆಯಿ" ಬಂತು. ಒಂದೊಂದೇ, ಬಿಡಿಬಿಡಿ. ಎರಡನ್ನು ಕೂಡಿಸುವುದು ದೊಡ್ಡ ಮೆಟ್ಟಿಲು, ಬರದಿದ್ದರೂ ಕಂಗೆಡಬೇಡಿ ಎಂದು ಮೃಣಾಲ ಮೊದಲೇ ಹೇಳಿದ್ದರು. ಅಮೋಘಿ ಕಂಗೆಡುವುದಿಲ್ಲವೆಂದು ಮಾತು ಕೊಟ್ಟು, ಪ್ರತಿದಿನ ಕಂಗೆಡುತ್ತಿದ್ದ.

ಬೇಸಿಗೆಯ ಒಂದು ಸಂಜೆ ಅವನು ಮನೆಗೆ ಬಂದಾಗ ಸಾವಂತ್ರವ್ವ ಬಾಗಿಲಲ್ಲಿ ನಿಂತಿದ್ದಳು. ಹಗಲೆಲ್ಲ ಆಡುಗಳ ಹಿಂದೆ ತಿರುಗಿದ ಕಾಲು, ಭಾರವನ್ನು ಒಮ್ಮೆ ಈ ಪಾದಕ್ಕೆ ಒಮ್ಮೆ ಆ ಪಾದಕ್ಕೆ ಬದಲಿಸುತ್ತಿದ್ದಳು. "ಏನ್ ನೀಡ್ಲಿರಿ ಅತ್ತಿಯವರ?" ಎಂದಾಗಿತ್ತು. ರಾಚಿ ಹಾಲನ್ನು ನೋಡಿದಳು, ರೊಟ್ಟಿಯನ್ನು ನೋಡಿದಳು. ಆಮೇಲೆ ಆಕೆಯ ಕಣ್ಣು ಅಜ್ಜಿಯ ಪಾದಕ್ಕೆ ಇಳಿದು ಅಲ್ಲೇ ನಿಂತಿತು. ಅಮೋಘಿಯ ಬಾಯಿ ತೆರೆಯಿತು. ಸುಧಾರಾಣಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು.

ರಾಚಿ ತನ್ನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದಳು.

"ಆಯಿ," ಎಂದಳು. ತುಟಿ ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ, "ಕುಂದ," ಎಂದಳು.

ಕುಂದ್ರು ಎಂಬ ಆ ಮಾತನ್ನು ಯಾರೂ ಕಲಿಸಿರಲಿಲ್ಲ. ಮೃಣಾಲರ ಪಾಠಗಳಲ್ಲಿ ಅದಿರಲಿಲ್ಲ, ಎರಡು ಕೈಗಳ ನಡುವಿನ ಆಯ್ಕೆಯಲ್ಲೂ ಇರಲಿಲ್ಲ. ಕೂಸು ತನಗಾಗಿ ಏನನ್ನೂ ಕೇಳಿರಲಿಲ್ಲ.

ಸಾವಂತ್ರವ್ವ ಅರ್ಥವಾಗದವಳಂತೆ ನಿಂತೇ ಇದ್ದಳು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಹೆಸರಿನವರಿಂದ ಬಂದ ಅಪ್ಪಣೆಗಳಲ್ಲಿ ಈ ಮಾತು ಎಂದೂ ಬಂದಿರಲಿಲ್ಲ. ಆಮೇಲೆ ಗೋಡೆಗೆ ಭುಜ ಆನಿಸಿ, ಮೆಲ್ಲಗೆ ಮಂಡಿ ಮಡಚಿ, ಬಟ್ಟಲು ತಟ್ಟೆಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಕೂಸಿನ ಪಕ್ಕಕ್ಕೆ ಕೂತಳು.

"ಕುಂತೀನ್ರಿ ಅತ್ತಿಯವರ," ಎಂದಳು.

ರಾಚಿ ಅಜ್ಜಿ ಸರಿಯಾಗಿ ಕೂತಳೋ ಇಲ್ಲವೋ ಎಂದು ಒಮ್ಮೆ ನೋಡಿ, ಆಮೇಲೆ ಹಾಲಿಗೆ ಕೈ ತೋರಿದಳು.