ಚಪ್ಪಲಿ ಮೆಟ್ಟಿದ ಕಿನ್ನರಿಕಾರ

ನಾನು ಹಟಮಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೂಡ್ಲಿಗಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹೆಂಡತಿ ಹೇಳುತ್ತಾಳೆ. ಚಿತ್ರ ಬರೆಯುವವನಿಗೆ ಇದೇನು ಒಳ್ಳೆಯ ಹೆಸರಲ್ಲ.

ಈ ಸಲದ ಮೊಲ ಒಂದು ಹಳೆಯ ಚಿತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಬಿಳಿ ಸಾಹೇಬನಿಗಾಗಿ ನಮ್ಮವನೇ ಒಬ್ಬ ಕಲಾವಿದ ಬರೆದದ್ದು. ಮೂರು ಸೋರೆಬುರುಡೆ ಕಟ್ಟಿದ ಕಿನ್ನರಿ ಎಂಬ ತಂತಿವಾದ್ಯ ಹಿಡಿದು ಒಬ್ಬ ಕುಳಿತಿದ್ದಾನೆ. ಆ ಕಾಲದ ಸಾಹೇಬರು ಇಲ್ಲಿನ ಕುಂಬಾರ, ನೇಕಾರ, ವಾದ್ಯದವರನ್ನೆಲ್ಲ ಒಂದೊಂದು ಹಾಳೆಗೆ ಇಳಿಸಿ ತಮ್ಮೂರಿಗೆ ಒಯ್ಯುತ್ತಿದ್ದರಂತೆ. ಮೊಬೈಲಿನಲ್ಲಿ ಸಿಕ್ಕ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ತಿಂಗಳುಗಟ್ಟಲೆ ಕೂತು ನಕಲು ಮಾಡಿದೆ. ಅವನ ಕಾಲಿನ ಚಪ್ಪಲಿಯ ಹೊಲಿಗೆಗೇ ಮೂರು ದಿನ ಹಿಡಿಯಿತು.

ಮುಗಿದ ಮೇಲೆ ಹಿರೇಹಡಗಲಿಯ ದುರುಗಪ್ಪಜ್ಜನಿಗೆ ತೋರಿಸಲು ಬಸ್ಸು ಹತ್ತಿದೆ. ನನಗೆ ಗೊತ್ತಿರುವಂತೆ ನಮ್ಮ ಕಡೆ ಕಿನ್ನರಿ ನುಡಿಸುವವನು ಈಗ ಅವನೊಬ್ಬನೇ. ಹೊಗಳಿಸಿಕೊಳ್ಳಲು ಮುಖ ಸಿದ್ಧ ಮಾಡಿಕೊಂಡೇ ಅವನ ಕಟ್ಟೆಯ ಮೇಲೆ ಕುಳಿತೆ.

"ಇವ ಬಾರ್ಸಾಕತ್ತಿಲ್ರಿ ಮಾಸ್ತರ," ಎಂದ ಅಜ್ಜ. "ಸುಮ್ನ ಹಿಡಕಂಡು ಕುಂತಾನ. ಕಾಲಾಗ ಚಪ್ಪಲಿ ಅದಾವು ನೋಡ್ರಿ. ಚಪ್ಪಲಿ ಮೆಟ್ಕಂಡು ನಮ್ಮೋರು ಯಾರೂ ಬಾರ್ಸಂಗಿಲ್ಲ."

ನನ್ನ ಮೂರು ದಿನ ಮಣ್ಣುಪಾಲಾದವು. ಆ ಕಲಾವಿದನ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಕಂಡದ್ದನ್ನೇ ಬರೆದಿದ್ದ. ನುಡಿಸುವವನು ಯಾಕೆ ಹಾಗೆ ಕುಳಿತನೆಂಬುದು ಮಾತ್ರ ತಿಳಿಯಲಿಲ್ಲ.

"ನಾ ಹೋದ ಮ್ಯಾಲ ಇದನ್ನ ಹೆಂಗ ಬಾರಸ್ತಿದ್ರು ಅಂತ ಯಾರಾರ ಕೇಳಿದ್ರ, ತೋರ್ಸಾಕ ಒಂದು ಚಿತ್ರ ಆದ್ರೂ ಬೇಕಲ್ರಿ," ಎಂದ ಅಜ್ಜ. ನೀನು ನುಡಿಸುವುದನ್ನೇ ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟೆ.

ಮರುವಾರ ಹೋದೆ. ಅಜ್ಜ ಚಪ್ಪಲಿಯನ್ನು ಕಟ್ಟೆಯ ಕೆಳಗೆ ಬಿಟ್ಟು, ಬುರುಡೆಯನ್ನು ಎದೆಗೆ ಆನಿಸಿಕೊಂಡು ಶುರು ಮಾಡಿದ. ಬೆರಳುಗಳು ಎಲ್ಲಿ ನಿಲ್ಲುತ್ತವೆ? ಮಣಿಕಟ್ಟು ಬರೆಯುವಷ್ಟರಲ್ಲಿ ಕೈ ಇನ್ನೆಲ್ಲೋ ಇರುತ್ತಿತ್ತು. ನಾಲ್ಕು ಹಾಳೆ ಹಾಳಾದವು. ಐದನೆಯದಕ್ಕೆ ತಾಳ್ಮೆಗೆಟ್ಟು, "ಅಜ್ಜ, ಒಂದೀಟು ಅಲುಗಾಡದಂಗ ಕುಂದ್ರು," ಎಂದೆ.

ಅಜ್ಜ ಕಟ್ಟೆ ಇಳಿದು, ಚಪ್ಪಲಿ ಮೆಟ್ಟಿಕೊಂಡು ಬಂದು, ಕಿನ್ನರಿ ಹಿಡಿದು ಗೊಂಬೆಯ ಹಾಗೆ ಕುಳಿತ.

"ಈಗ ಬರೀರಿ," ಎಂದ.

ಚಿತ್ರದವನು ಯಾಕೆ ಹಾಗೆ ಕುಳಿತಿದ್ದನೆಂದು ಆಗ ಹೊಳೆದು ನನಗೆ ನಾಚಿಕೆಯಾಯಿತು. "ತಪ್ಪಾತಜ್ಜ. ಚಪ್ಪಲಿ ಬಿಡು, ಬಾರ್ಸು," ಎಂದೆ.

ಈಗ ಒಂಬತ್ತನೆಯ ಹಾಳೆ ನಡೆದಿದೆ. ಬರಿಗಾಲುಗಳು ಚೆನ್ನಾಗಿ ಬಂದಿವೆ. ಓಡುವ ಕೈಯ ಬೆನ್ನು ಹತ್ತಿ ಹತ್ತಿ ಚಿತ್ರದಲ್ಲಿ ಅಜ್ಜನ ಬಲಗೈಗೆ ಏಳು ಬೆರಳಾಗಿವೆ. ಒಂದನ್ನೂ ಅಳಿಸುವುದಿಲ್ಲ. ಮೊಲಕ್ಕೆ ಕಾಲು ಎಷ್ಟಾದರೂ ಇರಲಿ, ಅದು ಓಡುತ್ತಿದ್ದರೆ ಸಾಕು.