ಮೂರು ಹುಲ್ಲು, ಒಂದು ಕ್ಯಾನ್ ನೀರು

ನಮ್ಮ ಕೊಟ್ಟಿಗೆಯ ತೊಲೆಗೆ ಒಂದು ಹಳೆಯ ಸ್ಪ್ರಿಂಗ್ ತಕ್ಕಡಿ ನೇತುಬಿದ್ದಿದೆ. ದೋಣಿಗಲ್ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನನ್ನ ಯಜಮಾನರು ಅದನ್ನು ಸ್ಟೋರಿನ ಮೂಲೆಯಿಂದ ಕೇಳಿ ತಂದುಕೊಟ್ಟರು. ಕಾಫಿ ಹಣ್ಣಿನ ಚೀಲ ಹೊತ್ತು ಹೊತ್ತು ಅದಕ್ಕೂ ಸುಸ್ತಾಗಿರಬೇಕು, ಮುಳ್ಳು ಸೊನ್ನೆಗೆ ಬಂದು ನಿಲ್ಲಬೇಕಾದರೆ ಬೆರಳಿನಿಂದ ಒಮ್ಮೆ ತಟ್ಟಬೇಕು. ಇಂಥ ತಕ್ಕಡಿಯನ್ನು ನಂಬಿಕೊಂಡು ನಾನು ವಿಜ್ಞಾನಕ್ಕೆ ಕೈಹಾಕಿದೆ.

ಸಕಲೇಶಪುರದ ಸೀಮೆ ಎಂದರೆ ಸಾಕು, ಹೊರಗಿನವರು ಮಾತಿನಲ್ಲೇ ಕೊಡೆ ಬಿಚ್ಚುತ್ತಾರೆ. ಅವರನ್ನು ಸಂಕ್ರಾಂತಿ ಕಳೆದ ಮೇಲೆ ಆಲೂರು ಕಡೆಯ ನಮ್ಮ ಬೋರೆಯ ದಿಬ್ಬದ ಮೇಲೆ ಬರಿಗಾಲಿನಲ್ಲಿ ನಡೆಸಬೇಕು ಎಂಬುದು ನನ್ನ ಬಹುದಿನದ ಆಸೆ. ಕೆಂಪು ನೊರಜುಗಲ್ಲಿನ ಇಳಿಜಾರು, ಪಡುವಣದ ಬಿಸಿಲು, ಮನೆಗೂ ದನಕ್ಕೂ ಸಾಲುವಷ್ಟೇ ನೀರಿರುವ ಬಾವಿ. ಮಳೆಗಾಲದಲ್ಲಿ ಸೊಂಟದವರೆಗೆ ಬೆಳೆಯುವ ಹುಲ್ಲು ಬೇಸಿಗೆಗೆ ಪೊರಕೆಕಡ್ಡಿಯಾಗುತ್ತದೆ, ಬಯಲುಸೀಮೆಯಿಂದ ರಾಗಿಹುಲ್ಲಿನ ಲಾರಿ ಬರುವುದನ್ನು ನಾವು ನೆಂಟರ ದಾರಿ ನೋಡುವಂತೆ ನೋಡುತ್ತೇವೆ. ಹೀಗೆ ಒಂದು ಬೇಸಿಗೆ ಹಿಂಡಿ ಹಿಪ್ಪೆಮಾಡಿದ ಮೇಲೆ ಯಜಮಾನರು ಊಟದ ತಟ್ಟೆಯ ಮುಂದೆ ತೀರ್ಪು ಕೊಟ್ಟರು.

"ನೋಡು ಮಾರಾಯ್ತಿ, ಬೋರೆ ಮೇಲೆ ಬ್ಯಾಸಗೇಲೂ ನಿಲ್ಲೋ ಹುಲ್ಲು ಯಾವ್ದಾದ್ರೂ ಇದ್ರೆ ಹಾಕು. ಆಗ್ಲಿಲ್ಲಾಂದ್ರೆ ಕೆಂಪಿನ ಕೊಟ್ಬುಡಾಣ."

ಕೆಂಪಿ ನಮ್ಮ ಎರಡು ಹಸುಗಳಲ್ಲಿ ಚಿಕ್ಕವಳು. ಹಾಲು ಕಡಿಮೆ, ಹೊಟ್ಟೆ ದೊಡ್ಡದು, ಸಿಟ್ಟು ಇನ್ನೂ ದೊಡ್ಡದು. ಆದರೂ ಅವಳನ್ನು ಕೊಡುವ ಮಾತು ಕೇಳಿದ ದಿನ ನಾನು ಅವಳ ಗೊಂತಿಗೆ ಒಂದು ಹಿಡಿ ರಾಗಿಹುಲ್ಲು ಹೆಚ್ಚೇ ಹಾಕಿದೆ.

ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ದಷ್ಟೂ ಚಿಗುರುವ ಮೇವಿನ ಹುಲ್ಲುಗಳಿವೆ ಎಂದು ನನಗೆ ಗೊತ್ತಿತ್ತು. ಯಾವುದು ಒಳ್ಳೆಯದು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ನೀರಿದ್ದವರು ತಮ್ಮ ನೀರನ್ನು ಮರೆತು ಹುಲ್ಲನ್ನು ಹೊಗಳುತ್ತಾರೆ, ನೀರಿಲ್ಲದವರು ತಮ್ಮ ಸೋಮಾರಿತನವನ್ನು ಮರೆತು ಹುಲ್ಲನ್ನು ಬೈಯುತ್ತಾರೆ. ನಾನೇ ನೋಡಿಬಿಡುತ್ತೇನೆ ಎಂದು ಹಟ ಹಿಡಿದು, ಮುಂಗಾರಿನಲ್ಲಿ ಕೊಟ್ಟಿಗೆಯ ಹಿಂದೆ, ಬೋರೆಯ ಬುಡದಲ್ಲಿ ಒಂದೇ ಅಳತೆಯ ಮೂರು ಪಾತಿ ಮಾಡಿ, ನೇಪಿಯರ್, ಗಿನಿ, ರೋಡ್ಸ್ ಎಂಬ ಮೂರು ಹುಲ್ಲುಗಳನ್ನು ನೆಟ್ಟೆ. ನಮ್ಮ ಅತ್ತೆಗೆ ಆ ಹೆಸರುಗಳು ನಾಲಿಗೆಗೆ ಒಗ್ಗಲಿಲ್ಲ. ದಪ್ಪಂದು, ಗರಿದು, ಕೂದ್ಲಿಂದು ಎಂದು ಅವರೇ ಮರುನಾಮಕರಣ ಮಾಡಿದರು. ಉಳಿದ ಬೇರುಕಡ್ಡಿಗಳನ್ನು ಎಸೆಯಲು ಮನಸ್ಸಾಗದೆ ಬೋರೆಯ ನೆತ್ತಿಯ ಬೇಲಿಯಾಚೆ, ಕಲ್ಲುಗಳ ನಡುವೆ ಊರಿಬಂದು ಮರೆತೆ.

ಷರತ್ತು ಒಂದೇ, ಮಳೆ ನಿಂತ ಮೇಲೆ ಯಾವುದಕ್ಕೂ ಒಂದು ಹನಿ ನೀರು ಹಾಕಬಾರದು. ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಪ್ರತಿ ಕೊಯ್ಲನ್ನೂ ಹೊರೆಕಟ್ಟಿ ಕೊಕ್ಕೆಗೆ ಸಿಕ್ಕಿಸಿ ತೂಗಿದೆ. ಡೇರಿಗೆ ಹೋಗುವ ಹೆಂಗಸರು ನನ್ನನ್ನು ನೋಡಿ, ಮದುವೆ ಮನೆಗೆ ಚಿನ್ನ ತೂಗ್ತಾವ್ಳೆ ಎಂದು ನಕ್ಕರು. ನಗಲಿ ಎಂದುಕೊಂಡೆ. ಚಳಿಗಾಲ ಕಳೆದು, ಗಿನಿಯ ಗರಿ ಸುರುಳಿಸುತ್ತಿ, ರೋಡ್ಸ್ ನೆಲಕ್ಕೆ ಅಂಟಿಕೊಂಡು ಕೂತರೂ, ನೇಪಿಯರ್ ಮಾತ್ರ ಏನೂ ಆಗಿಲ್ಲವೆಂಬಂತೆ ಹಸಿರಾಗಿ ತೂಗಾಡುತ್ತಿತ್ತು. ತಕ್ಕಡಿಯ ಮುಳ್ಳೂ ಅದರ ಪಕ್ಷವನ್ನೇ ಹಿಡಿಯಿತು. ನಾನು ಗೆದ್ದವಳಂತೆ ಬೀಗಿದೆ. ಬೋರೆಗೆಲ್ಲ ನೇಪಿಯರ್ ಎಂದು ಯಜಮಾನರಿಗೆ ಘೋಷಿಸಿ, ಕಂಡವರಿಗೆಲ್ಲ ಪಾಠ ಹೇಳಿ, ಗುಂಡಿಯನ್ನೂ ತೆಗೆಸಿಬಿಟ್ಟೆ.

ಮೊದಲ ಮಳೆಯ ಮೋಡ ಕಾಣಿಸುವ ಹೊತ್ತಿಗೆ, ಒಂದು ಬೆಳಿಗ್ಗೆ ಡೇರಿಯಿಂದ ಬೇಗ ಬಂದವಳು ಕೊಟ್ಟಿಗೆಯ ಹಿಂದೆ ನೀರಿನ ಸದ್ದು ಕೇಳಿ ಹೋಗಿ ನೋಡಿದೆ. ಅತ್ತೆ ಹಾಲು ಕರೆಯುವ ಕ್ಯಾನ್ ತೊಳೆದ ನೀರನ್ನು ನೇಪಿಯರ್ ಬುಡಕ್ಕೆ, ಮಗುವಿಗೆ ಕುಡಿಸುವ ನಿಧಾನದಲ್ಲಿ ಸುರಿಯುತ್ತಿದ್ದರು.

ಗೆಳೆಯರೇ, ಇದು ನಿಮಗೆ ಅರ್ಥವಾಗಬೇಕಾದರೆ ನಮ್ಮ ಮನೆಯ ಕ್ರಮ ಹೇಳಬೇಕು. ಹಾಲಿನ ಪಾತ್ರೆ ತೊಳೆದ ನೀರನ್ನು ಕಾಲಿಗೆ ಸಿಗುವ ಕಡೆ ಚೆಲ್ಲುವಂತಿಲ್ಲ, ಯಾವುದಾದರೂ ಗಿಡದ ಬುಡ ಸೇರಬೇಕು. ಅತ್ತೆ ಸೊಸೆಯಾಗಿ ಬಂದ ದಿನದಿಂದ ಹಾಗೇ ನಡೆದಿದೆ. ಮೊದಲು ಅಲ್ಲೊಂದು ನುಗ್ಗೆ ಮರವಿತ್ತು. ಅದನ್ನು ಕಡಿಸಿ ಆ ಜಾಗಕ್ಕೇ ನೇಪಿಯರ್ ಪಾತಿ ಮಾಡಿದವಳು ನಾನು. ಮರ ಹೋಯಿತು, ನೀರು ತನ್ನ ದಾರಿ ಬಿಡಲಿಲ್ಲ. ಚಳಿಗಾಲವಿಡೀ, ಬೇಸಿಗೆಯಿಡೀ, ಬೆಳಗಿನದೊಂದು ಕ್ಯಾನ್, ಸಂಜೆಯದೊಂದು ಕ್ಯಾನ್.

ನೀರು ಹಾಕಬೇಡಿ ಎಂದು ಬಾಯಿ ಬಡಿದುಕೊಂಡಿದ್ದೆನಲ್ಲ ಎಂದು ಕೂಗಾಡಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯ.

"ನೀರೆಲ್ಲಿ ಹಾಕ್ದೆ ಕಣವ್ವ? ಇದು ಕ್ಯಾನ್ ತೊಳ್ದದ್ದು."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬಾವಿಯಿಂದ ಸೇದಿದ್ದು ನೀರು, ಕ್ಯಾನ್ ತೊಳೆದದ್ದು ಬೇರೆ ಏನೋ. ಇಂಥ ಮನೆಯಲ್ಲಿ ಪ್ರಯೋಗ ಮಾಡಲು ಹೊರಟ ನನಗೆ ಬುದ್ಧಿ ಎಲ್ಲಿತ್ತು? ಮರುದಿನದಿಂದ ನಿಲ್ಲಿಸುತ್ತಾರೆಂದು ನಂಬಿದೆ. ಮರುದಿನ ನೋಡಿದರೆ ಮೂರೂ ಪಾತಿ ಒದ್ದೆ. ಒಂದಕ್ಕೆ ಹಾಕಿದ್ದಕ್ಕೆ ನನಗೆ ಸಿಟ್ಟು ಬಂತೆಂದು ತಿಳಿದು, ಅತ್ತೆ ಪಂಕ್ತಿಯಲ್ಲಿ ಬಡಿಸಿದಂತೆ ಮೂರಕ್ಕೂ ಹಂಚಿದ್ದರು. ನಾನು ಹೋಗಿ ಗೊಂತಿನ ಕಟ್ಟೆಯ ಮೇಲೆ ಕೂತೆ. ಕೆಂಪಿ ನನ್ನ ಸೆರಗನ್ನು ಜಗಿಯುತ್ತಿದ್ದಳು. ಮೋಡ ಕಟ್ಟುತ್ತಿತ್ತು, ಗುಂಡಿಗಳು ಬಾಯಿಬಿಟ್ಟು ಕಾಯುತ್ತಿದ್ದವು, ಏನು ನೆಡಬೇಕೆಂದು ನನಗೆ ಗೊತ್ತಿರಲಿಲ್ಲ.

ಆ ಸಂಜೆ ಕೆಂಪಿ ಹಗ್ಗ ಬಿಚ್ಚಿಕೊಂಡು ಬೋರೆ ಹತ್ತಿದಳು. ಬೈಯುತ್ತ ಹಿಂದೆ ಓಡಿದರೆ, ನೆತ್ತಿಯ ಬೇಲಿಯಾಚೆ ಕತ್ತು ಚಾಚಿ ಏನನ್ನೋ ಕಿತ್ತು ತಿನ್ನುತ್ತಿದ್ದಳು. ನಾನು ಊರಿ ಮರೆತಿದ್ದ ಬೇರುಕಡ್ಡಿಗಳ ಜಾಗ. ನೇಪಿಯರ್ ಬಿಳಿ ಕಡ್ಡಿಯಾಗಿ ಸತ್ತಿತ್ತು, ರೋಡ್ಸ್ ಇತ್ತೆಂಬುದಕ್ಕೆ ಗುರುತಿರಲಿಲ್ಲ. ಗಿನಿ ಮಾತ್ರ ಹೊರಗರಿ ಒಣಗಿಸಿಕೊಂಡು, ಬುಡದಲ್ಲಿ ಹಸಿರನ್ನು ಬಚ್ಚಿಟ್ಟುಕೊಂಡು ಕಲ್ಲಿನ ಸಂದಿಯಲ್ಲಿ ಕೂತಿತ್ತು. ಏದುಸಿರು ಬಿಡುತ್ತ ಹಿಂದೆಯೇ ಬಂದಿದ್ದ ಅತ್ತೆಯ ಕಡೆ ನಾನು ಸಂಶಯದಿಂದ ತಿರುಗಿದೆ.

"ಇಲ್ಲಿಗೆ ನಾ ಬಂದೇ ಇಲ್ಲ ಕಣವ್ವ," ಎಂದರು, "ನನ್ ಮಂಡಿನೋವಿಗೆ ಈ ದಿಬ್ಬ ಹತ್ತಕ್ಕಾಯ್ತದಾ?"

ಮೂರು ಪಾತಿ, ತಕ್ಕಡಿ, ಷರತ್ತು ಎಲ್ಲವೂ ಹೇಳಲಾರದ್ದನ್ನು ಅತ್ತೆಯ ಮಂಡಿನೋವು ಹೇಳಿತು. ಆ ಮಳೆಗೆ ಬೋರೆ ತುಂಬ ಗಿನಿ ನೆಟ್ಟೆವು.

ಈಗ ಮತ್ತೆ ಬೇಸಿಗೆ. ಬೋರೆಯ ಹುಲ್ಲು ತೆಳುವಾಗಿದೆ, ಆದರೆ ಇದೆ. ಯಜಮಾನರು ಕೆಂಪಿಯ ಮಾತೆತ್ತಿಲ್ಲ. ನಾನು ಈಗಲೂ ತೂಗುತ್ತೇನೆ, ಚಟ ಬಿಟ್ಟಿಲ್ಲ. ನಿನ್ನೆ ಹೊರೆಯನ್ನು ಕೊಕ್ಕೆಗೆ ಸಿಕ್ಕಿಸುವಾಗ ನೋಡಿದೆ, ಅತ್ತೆ ಕ್ಯಾನ್ ಹಿಡಿದು ಬೋರೆಯ ಬುಡದಲ್ಲಿ, ಹಳದಿಗೆ ತಿರುಗಿದ ಒಂದು ಗಿನಿ ಬುಡದ ಮುಂದೆ ನಿಂತಿದ್ದರು. ನನ್ನನ್ನು ನೋಡಿ ಕ್ಯಾನನ್ನು ಸೀರೆಯ ಹಿಂದೆ ಸರಿಸಿಕೊಂಡರು. ಒಣಗುವುದನ್ನು ನೋಡಿಕೊಂಡು ಸುಮ್ಮನಿರಬಲ್ಲ ಮನೆ ಇದಾಗಿದ್ದರೆ ನನ್ನ ಲೆಕ್ಕ ಸರಿಹೋಗುತ್ತಿತ್ತು, ನಿಜ. ಆದರೆ ಹಾಲನ್ನೂ ಹೊಟ್ಟೆಯನ್ನೂ ತೂಗಿ ನೋಡುವ ಅಂಥ ಮನೆಯಲ್ಲಿ ಕೆಂಪಿ ಎಂದೋ ಸಂತೆ ಸೇರಿರುತ್ತಿದ್ದಳು. ನಾನು ತಿರುಗಿ ತಕ್ಕಡಿಯ ಮುಳ್ಳನ್ನು ಬೆರಳಿನಿಂದ ತಟ್ಟುತ್ತ, ಹಿಂದೆ ನೀರು ಬೀಳುವ ಸದ್ದು ನಿಲ್ಲುವವರೆಗೂ ತಟ್ಟುತ್ತಲೇ ನಿಂತೆ.