ಮಾಡಿಗೆ ಎಸೆಯಬೇಕಾದ ಹಲ್ಲು

ನಮ್ಮ ಕಡೆ ಹಾಲುಹಲ್ಲಿಗೆ ಬೆಲೆ ಬರುವುದು ಅದು ಬಿದ್ದ ಮೇಲೆಯೇ. ಬಾಯಲ್ಲಿ ಇದ್ದಷ್ಟು ದಿನ ಅದರ ಗೋಜಿಗೆ ಯಾರೂ ಹೋಗುವುದಿಲ್ಲ, ಬಿದ್ದ ಕೂಡಲೇ ಸೆಗಣಿಯಲ್ಲಿ ಸುತ್ತಿ ಮನೆಯ ಹೆಂಚಿನ ಮಾಡಿನ ಮೇಲೆ ಎಸೆಯುವ ಸಂಭ್ರಮ. ವಾಮದಪದವಿನ ನಮ್ಮ ಮನೆಯಲ್ಲಿ ಆ ಶಾಸ್ತ್ರದ ಯಜಮಾನಿಕೆ ನನ್ನ ಅತ್ತೆಯದು. ತಾನಾಗಿ ಬಿದ್ದ ಹಲ್ಲನ್ನಷ್ಟೇ ಎಸೆಯಬೇಕು, ಕಿತ್ತ ಹಲ್ಲು ಎಸೆದರೆ ಹೊಸದು ಸೊಟ್ಟ ಬರುತ್ತದೆ ಎಂದು ಅವರು ಮೊಮ್ಮಗಳಿಗೆ ಹೇಳಿಟ್ಟಿದ್ದರು.

ಆ ಮೊಮ್ಮಗಳು, ಅಂದರೆ ನನ್ನ ಮಗಳು, ಐದನೇ ವಯಸ್ಸಿನಲ್ಲಿ ಒಂದೇ ಬದಿಯಲ್ಲಿ ಅಗಿಯತೊಡಗಿದಳು. ಟಾರ್ಚು ಹಾಕಿ ನೋಡಿದರೆ ಕೆಳಗಿನ ದವಡೆಹಲ್ಲಿನಲ್ಲಿ ಹುಳುಕು.

“ಬೀಳುವ ಹಲ್ಲು ಮಾರಾಯ್ತಿ, ಅದಕ್ಕೆಂತ ಡಾಕ್ಟ್ರು?” ಎಂದರು ಅತ್ತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ದವಡೆಯದ್ದು ಬೀಳ್ಲಿಕ್ಕೆ ಇನ್ನೂ ಎಷ್ಟೋ ವರ್ಷ ಉಂಟು ಅತ್ತೆ. ಅಲ್ಲಿವರೆಗೆ ಗಂಜಿ ಕುಡಿಸಿಯೇ ಸಾಕುವುದಾ?” ಎಂದೆ. ನಾನು ಟೀಚರ್. ಶಾಲೆಯಲ್ಲಿ ಹಲ್ಲಿನ ತಪಾಸಣೆ ನಡೆದಾಗ ಕೇಳಿಸಿಕೊಂಡ ಮಾತು ಅದು.

ಬಂಟ್ವಾಳದಲ್ಲಿ ಹಲ್ಲು ಕೊರೆದು ಸಿಮೆಂಟು ತುಂಬಿದರು. ಡಾಕ್ಟರು ಕೆಟ್ಟವರಲ್ಲ, ಆದರೆ ಹೊರಗೆ ಜನ ಕಾಯುತ್ತಿದ್ದರು. ಯಂತ್ರದ ಸದ್ದಿಗೆ ಮಗಳು ಹೆದರಿ ಒದ್ದಾಡಿದಳು. ಸಹಾಯಕಿ ತಲೆ ಹಿಡಿದಳು, ನನಗೆ ಕೈ ಹಿಡಿಯಲು ಹೇಳಿದರು, ಹಿಡಿದೆ. ಬಾಯಿ ತುಂಬ ಎಂಜಲು, ಕಣ್ಣು ತುಂಬ ನೀರು. ಆ ಒದ್ದೆಯಲ್ಲಿ ಸಿಮೆಂಟು ಎಲ್ಲಿ ನಿಲ್ಲುತ್ತದೆ? ಅಷ್ಟಮಿಯ ಚಕ್ಕುಲಿ ಕಡಿಯುವಾಗ ಎದ್ದು ಬಂತು.

ಸಿಮೆಂಟು ಹೋದರೆ ಹೋಯಿತು. ಮಗಳು ಬಾಯಿಯನ್ನೇ ಮುಚ್ಚಿಬಿಟ್ಟಳು. ನಾನು ಬ್ರಶ್ ಹಿಡಿದು ಹೋದರೆ ಎರಡೂ ಕೈಯಲ್ಲಿ ತುಟಿ ಒತ್ತಿಕೊಂಡು ನಿಲ್ಲುತ್ತಿದ್ದಳು. ಹೆತ್ತ ಮಗು ನನ್ನನ್ನು ಕಂಡು ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿ ಬಚ್ಚಲಲ್ಲಿ ನಿಂತು ಅತ್ತಿದ್ದೇನೆ. ಹೀಗೇ ಬಿಟ್ಟರೆ ಉಳಿದ ಹಲ್ಲೂ ಹಾಳಾಗುತ್ತಿತ್ತು.

“ತೆಗೆಸಿ ಬಿಡುವ” ಎಂದರು ನನ್ನ ಗಂಡ. ಮಗಳು ಅಜ್ಜಿಯ ಸೆರಗಿನೊಳಗೆ ನುಗ್ಗಿ, “ಕಿತ್ತರೆ ಮಾಡಿಗೆ ಬಿಸಾಡ್ಲಿಕ್ಕೆ ಆಗುದಿಲ್ಲ” ಎಂದು ಅತ್ತಳು. ತಾವು ಕಟ್ಟಿದ ಕಥೆ ಅತ್ತೆಯ ಕಾಲಿಗೇ ತೊಡರಿತು. ಹಾಗೇನಿಲ್ಲ ಮಗಾ ಎಂದು ಅವರು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಕೀಳಿಸುವ ಮೊದಲು ಇನ್ನೊಬ್ಬರಿಗೆ ತೋರಿಸೋಣವೆಂದು ಬೆಳ್ತಂಗಡಿಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಕೊರೆಯಲಿಲ್ಲ. ಸಣ್ಣ ಕುಂಚದಿಂದ ಉಗುರಿಗೆ ಬಣ್ಣ ಹಚ್ಚಿದ ಹಾಗೆ ಬೆಳ್ಳಿಯ ಔಷಧಿ ಹಚ್ಚಿದರು. ಅದು ಮುಗಿಯುವಷ್ಟು ಹೊತ್ತು ಮಗಳು ಅಜ್ಜಿಯ ಮಡಿಲಲ್ಲಿ ಕೂತೇ ಬಾಯಿ ತೆರೆದಿದ್ದಳು. ಹುಳುಕು ಅಲ್ಲಿಗೇ ಗಟ್ಟಿಯಾಯಿತು. ಹಲ್ಲು ಮಾತ್ರ ಮಸಿಯಂತೆ ಕಪ್ಪು, ಉಂಡದ್ದೆಲ್ಲ ಆ ಗುಳಿಯೊಳಗೆ. “ಇದು ಹುಳುಕನ್ನು ನಿಲ್ಲಿಸ್ತದೆ, ಗುಳಿ ಮುಚ್ಚುದಿಲ್ಲ. ಮೂಡುಬಿದಿರೆಯಲ್ಲಿ ಮಕ್ಕಳ ಹಲ್ಲಿನ ಡಾಕ್ಟ್ರು ಇದ್ದಾರೆ, ತೋರಿಸಿ” ಎಂದು ಅವರೇ ಕಳಿಸಿದರು.

ಮೂಡುಬಿದಿರೆಯ ಡಾಕ್ಟರು ಎಕ್ಸ್‌ರೇ ನೋಡುತ್ತಿದ್ದಾಗ ನಾನು ಜಗಳದ ಸ್ವರದಲ್ಲೇ ಕೇಳಿದೆ: “ಒಬ್ಬರು ಒಂದೊಂದು ಮಾಡ್ತಾರಲ್ಲ, ಸರಿ ಯಾವುದು?”

“ಎಲ್ಲವೂ ಸರಿಯೇ ಟೀಚರ್. ಸುಮ್ಮನೆ ಕೂರುವ ಮಗುವಿಗೆ, ಸಣ್ಣ ಹುಳುಕಿಗೆ ಸಿಮೆಂಟು ಸಾಕು. ಹೆದರಿದ ಮಗುವಿಗೆ ಮೊದಲು ಆ ಔಷಧಿಯೇ ಒಳ್ಳೆಯದು. ಇವಳದ್ದು ಎರಡು ಬದಿ ಹೋಗಿ ಉಂಟು, ಆದ್ರೆ ನರದವರೆಗೆ ಹೋಗ್ಲಿಲ್ಲ. ಕ್ಯಾಪ್ ಹಾಕಿದ್ರೆ ಹೆಚ್ಚು ಬಾಳ್ತದೆ. ಕೊರೆಯುದೂ ಬೇಡ, ಸೂಜಿಯೂ ಬೇಡ.”

ಮಗಳು ಬಾಯಿ ಮುಚ್ಚಿದ ಬೆರಳ ಸಂದಿನಿಂದ ಕೇಳಿದಳು: “ಅದು ತನ್ನಷ್ಟಕ್ಕೇ ಬೀಳ್ತದಾ?”

“ಬೀಳ್ತದೆ. ಕ್ಯಾಪ್ ಸಮೇತ ಬೀಳ್ತದೆ.”

ಅವಳು ತಾನೇ ಕುರ್ಚಿ ಹತ್ತಿದಳು. ಆ ದಿನ ಹಲ್ಲಿನ ಸಂದಿಗೆ ಪುಟ್ಟ ರಬ್ಬರ್ ಬಳೆ ಸಿಕ್ಕಿಸಿ ಜಾಗ ಮಾಡಿದರು. ಮುಂದಿನ ಸಲ ಸ್ಟೀಲಿನ ಕ್ಯಾಪಿಗೆ ಅಂಟು ತುಂಬಿ ಹಲ್ಲಿನ ಮೇಲಿಟ್ಟು, ಕಚ್ಚು ಎಂದರು. ಕಚ್ಚಿದಳು. ಕೆಲವು ದಿನ ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ಸರಿ ಕೂಡಲಿಲ್ಲ, ಆಮೇಲೆ ಕೂಡಿತು. ಎರಡೂ ಬದಿಯಲ್ಲಿ ಅಗಿದು ಉಣ್ಣತೊಡಗಿದಳು. ಆದರೆ ಡಾಕ್ಟರಿಗೆ ತೆರೆದ ಬಾಯಿ ನನಗೆ ತೆರೆಯಲಿಲ್ಲ. ನಾನೇ ಉಜ್ಜುತ್ತೇನೆ ಎಂದು ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೈ ಹಿಡಿದವಳು ನಾನಲ್ಲವೇ, ಅವಳಿಗೆ ಅದು ಮರೆತಿರಲಿಲ್ಲ. ಒತ್ತಾಯ ಮಾಡಲು ನನಗೂ ಮನಸ್ಸು ಬರಲಿಲ್ಲ.

ಮೊನ್ನೆ, ಈಗ ಆರನೇ ಕ್ಲಾಸಿನಲ್ಲಿರುವ ಮಗಳು ಊಟದ ನಡುವೆ ಎದ್ದು ಬಂದಳು. ಅಂಗೈಯಲ್ಲಿ ಹಲ್ಲು, ಸ್ಟೀಲಿನ ಕ್ಯಾಪ್ ಸಮೇತ. ನಮ್ಮಲ್ಲಿ ಈಗ ದನ ಇಲ್ಲ, ಅತ್ತೆ ಸೆಗಣಿಗೆಂದು ಪಕ್ಕದ ಮನೆಗೆ ಹೊರಟರು.

ಮಗಳು ನನ್ನ ಮುಂದೆ ನೆಲದ ಮೇಲೆ ಕೂತಳು. “ಅಮ್ಮ, ಹೊಸತು ಬಂದುಂಟಾ ನೋಡು” ಎಂದು ಬಾಯಿ ಅಗಲ ತೆರೆದಳು. ಟಾರ್ಚು ಹಿಡಿದೆ. ಮೊದಲು ಏನೂ ಕಾಣಿಸಲಿಲ್ಲ, ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಒಸಡಿನಲ್ಲಿ ಬಿಳಿಯ ತುದಿ, ನೆಟ್ಟಗೆ.

“ಬಂದುಂಟು ಮಗಾ,” ಎಂದೆ. “ಇನ್ನೂ ಸ್ವಲ್ಪ ಹೊತ್ತು ತೆರೆದಿರು.”